ಬೀರೇಶನ ಲೋಟ

ತಮ್ಮ ಬೀರೇಶ ಕುಡಿದಿಟ್ಟ ಕಾಫಿ ಲೋಟವನ್ನು ಆದಿನಾರಾಯಣಪ್ಪ ಕೋಲಿನ ತುದಿಯಿಂದ ಜಗಲಿಯ ಮೂಲೆಗೆ ತಳ್ಳಿದ. "ಥೂ! ಹೆಪಟೈಟಿಸ್ ಸಿ ಅಂತೆ. ಎಲ್ಲಿ ಏನ್ ಹೊಲಸು ಮಾಡ್ಕೊಂಡ್ ಬಂದ್ನೋ! ಇವತ್ತಿಂದ ಇವ್ನ ತಟ್ಟೆ, ಲೋಟ ಕೊಟ್ಟಿಗೇಲಿ."

ಹೊಸಕೋಟೆಯಿಂದ ರಿಪೋರ್ಟು ತಂದಿದ್ದ ನರ್ಸ್ ಕವಿತ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಲೋಟದಿಂದ ಬರಲ್ಲ ಯಜಮಾನ್ರೇ, ಜೊತೇಲಿ ಉಂಡ್ರೂ ಬರಲ್ಲ. ರಕ್ತದಿಂದ ಬರುತ್ತೆ. ಮೂರು ತಿಂಗ್ಳು ಮಾತ್ರೆ ನುಂಗಿದ್ರೆ ವಾಸಿಯಾಗುತ್ತೆ. ಸೂಜಿ, ಶೇವಿಂಗ್ ಬ್ಲೇಡು ಮಾತ್ರ ಒಬ್ರದ್ದು ಇನ್ನೊಬ್ರು ಬಳಸ್ಬಾರ್ದು."

"ನಂಗೇ ಪಾಠ ಹೇಳ್ತೀಯೇನಮ್ಮಾ?" ಎಂದು ಆತ ಗದ್ದ ಸವರಿಕೊಂಡ. ಬೆಳಗ್ಗೆ ಕ್ಷೌರದಲ್ಲಿ ಆದ ಗಾಯ ಇನ್ನೂ ಹಸಿಯಾಗಿತ್ತು.

ಬೀರೇಶ ಆಗ ತಲೆ ಎತ್ತಿದ. "ಅಣ್ಣ, ಮನೇಗೆಲ್ಲಾ ಒಂದೇ ರೇಜರ್ ಸಾಕು ಅಂದಿದ್ದು ನೀನೇ ಅಲ್ವಾ?"

ಆದಿನಾರಾಯಣಪ್ಪ ಕೋಲನ್ನು ಕೆಳಗಿಟ್ಟ. ಬೀರೇಶ ಅದೇ ಕೋಲನ್ನು ಎತ್ತಿಕೊಂಡು, ಅಣ್ಣನ ಲೋಟವನ್ನೂ ಮೆಲ್ಲಗೆ ತನ್ನ ಲೋಟದ ಪಕ್ಕಕ್ಕೆ ತಳ್ಳಿದ.