ಉಳಿದ ಒಂದೇ ಹೆಸರು

"ಅಮ್ಮಾ, ನೀವು ಪರದೆ ಆಚೆ ನಿಲ್ಲಿ. ನೋಡಬಾರದು, ಕೇಳಿಸ್ಕೋಬೇಕು ಅಷ್ಟೇ," ಎಂದಳು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ.

ದರ್ಜಿಯ ಹೆಂಡತಿ ಹೋಗಿ ನಿಂತಳು. ದರ್ಜಿಗೆ ಪಾರ್ಶ್ವವಾಯು ಬಡಿದು ಹನ್ನೊಂದು ದಿನ. ಬಲಗೈ ಬಿದ್ದುಹೋಗಿತ್ತು. ಬಾಯಲ್ಲಿ ಉಳಿದದ್ದು 'ಶಿವನೇ' ಒಂದೇ. ನೀರಿಗೂ ಅದೇ, ನೋವಿಗೂ ಅದೇ. "ಅದು ಬರೀ ಬಾಯಿಪಾಠ. ಅವರಿಗೆ ಏನೂ ತಿಳೀತಿಲ್ಲ, ಮನೆಗೆ ಕರ್ಕೊಂಡು ಹೋಗಿ," ಎಂದಿದ್ದರು ದೊಡ್ಡ ಡಾಕ್ಟರು. ತಿಳಿಯುತ್ತದೆ ಎಂದು ಇವತ್ತು ತೋರಿಸಿದರೆ ಮಾತ್ರ ಮಾತಿನ ಪಾಠ.

"ಇವರು ತುಂಬಾ ದೈವಭಕ್ತರಾ?" ಹುಡುಗಿ ಕೇಳಿದಳು.

"ಎಲ್ಲಿಯ ಭಕ್ತಿ ತಾಯಿ! ಕೂತರೆ ಒಂದು ಶಿವನೇ, ಎದ್ದರೆ ಒಂದು. ಸೂಜಿಗೆ ದಾರ ಹೋಗದಿದ್ರೆ ಎರಡು. ದೇವರಿಗೆ ಕೈ ಮುಗಿದದ್ದು ನಾ ಕಂಡಿಲ್ಲ."

"ಆ ಹೆಸರಿಗೆ ಅರ್ಥ ಏನು?"

"ಮಂಗಳ ಅಂತಾರಪ್ಪ ಓದಿದೋರು. ನಮ್ಮನೇಲಿ ಮಾತ್ರ 'ಟೀ ಎಲ್ಲೇ?' ಅಂತ."

ಹುಡುಗಿ ನಕ್ಕಳು. ಕನ್ನಡಕ, ನೀರು, ಬಾಚಣಿಗೆ, ಮೂರನ್ನು ಹೆಸರು ಹೇಳಿ ತಟ್ಟೆಯಲ್ಲಿಟ್ಟಳು. ಸದ್ದಿಲ್ಲದೆ ಒಂದನ್ನು ಎತ್ತಿ ದರ್ಜಿಗೆ ತೋರಿಸಿ, "ಇದನ್ನ ಮನೆಯವರ ಹತ್ರ ಕೇಳಿ," ಎಂದಳು.

"ಶಿವನೇ."

"ಕನ್ನಡಕ," ಆಚೆಯಿಂದ ಉತ್ತರ ಬಂತು. "ನಾನೇ ಬಚ್ಚಿಟ್ಟ ಹಾಗೆ ಸಿಡುಕೋದು ಅದಕ್ಕೆ ಮಾತ್ರ."

"ಶಿವನೇ."

"ನೀರು. ಬಾಯಾರಿಲ್ಲ ಅವರಿಗೆ, ನೀನು ಹೇಳಿದೆ ಅಂತ ಕೇಳ್ತಿದಾರೆ."

ಬಾಚಣಿಗೆ ತೋರಿಸಿದಾಗ ದರ್ಜಿ ಸೊಟ್ಟ ಬಾಯಲ್ಲೇ ನಕ್ಕುಬಿಟ್ಟ. "ಶಿವನೇ!"

"ತಲೇಲಿ ನಾಲ್ಕು ಕೂದಲಿಲ್ಲ, ನಗದೆ ಏನು ಮಾಡ್ತಾರೆ!"

"ಸಾಕಮ್ಮಾ, ಎಲ್ಲಾ ತಿಳೀತಿದೆ ಇವರಿಗೆ! ಡಾಕ್ಟರಿಗೆ ನಾನು ಹೇಳ್ತೀನಿ. ನಾಳೆ ಒಂಬತ್ತಕ್ಕೆ ಪಾಠ ಶುರು." ಆಚೆ ಮೂಗು ಒರೆಸಿಕೊಂಡ ಸದ್ದಾಯಿತು.

ಅಲ್ಲಿಗೇ ಬಿಡಬಹುದಿತ್ತು. ಹುಡುಗಿಯ ಕುತೂಹಲ ಬಿಡಬೇಕಲ್ಲ. ಮಂಚದ ಪಕ್ಕದ ಡ್ರಾಯರಿನಲ್ಲಿ ಅಳತೆಯ ಟೇಪಿತ್ತು. ಬಿದ್ದ ದಿನ ದರ್ಜಿಯ ಕೊರಳಲ್ಲಿದ್ದದ್ದು. ಇದಕ್ಕೆ ಹೇಗೆ ಅಂತಾರೋ ನೋಡೋಣವೆಂದು ಅವನ ಬಲ ಅಂಗೈಯಲ್ಲಿಟ್ಟಳು.

ದರ್ಜಿ ಟೇಪನ್ನೇ ನೋಡಿದ. ಕತ್ತಿನ ನರಗಳು ಉಬ್ಬಿದವು. ಬೆರಳು ಮಡಚಲಿಲ್ಲ. ಟೇಪು ಜಾರಿ, ಸುರುಳಿ ಬಿಚ್ಚುತ್ತಾ ನೆಲಕ್ಕೆ ಹೋಯಿತು.

"ಶಿವನೇ," ಎಂದ, ಮೆಲ್ಲಗೆ.

ಹುಡುಗಿ ಪರದೆಯ ಕಡೆ ತಿರುಗಿದಳು.

"ಅಮ್ಮಾ, ಈಗ ಏನು ಕೇಳಿದ್ರು? ಹೇಳಿ."

"ಈಗ ನಮ್ಮನ್ನ ಕೇಳಿದ್ದಲ್ಲ ತಾಯಿ," ಎಂದಳು ಹೆಂಡತಿ. "ಈ ಸಲ ಅವನನ್ನೇ ಕರೆದದ್ದು. ಓಗೊಡೋದು ಅವನ ಕೆಲಸ."