ಜೊತೆಗಾರ

ಮನುವಿನ ಹೊಕ್ಕುಳಿಗೆ ಕೊನೆಯ ಹಚ್ಚೆ ಕುಟ್ಟಲು ಹಚ್ಚೆಯ ಗುರು ಚೂಪು ಹಲ್ಲಿನ ಮೂಳೆಯ ಹಣಿಗೆಯನ್ನು ಮಸಿಯಲ್ಲಿ ಅದ್ದಿದಾಗ, ಪೆಸೆಟಾ ಕಂಬಕ್ಕೆ ಬೆನ್ನು ಒತ್ತಿ ನಿಂತಿದ್ದ. ಅಂಗಿಯ ಒಳಗೆ, ಸೊಂಟದ ಹಿಂಭಾಗದಲ್ಲಿ, ದೋಣಿಯಾಕಾರದ ಅವನ ಹಚ್ಚೆ ಅರ್ಧಕ್ಕೇ ನಿಂತುಹೋಗಿತ್ತು. ಸಮೋವಾದಲ್ಲಿ ಈ ಹಚ್ಚೆಗೆ ಒಬ್ಬನೇ ಮಲಗುವ ವಾಡಿಕೆಯಿಲ್ಲ; ನೋವಿಗೊಬ್ಬ ಜೊತೆಗಾರ ಬೇಕು. ಚಿಕ್ಕಪ್ಪನ ಮಗ ಮನುವನ್ನು ಗೋಗರೆದು ಕರೆತಂದವನು ಪೆಸೆಟಾ. ಎರಡನೆಯ ದಿನವೇ ಚಾಪೆಯಿಂದ ಎದ್ದು ಓಡಿದವನೂ ಅವನೇ. ಹಚ್ಚೆಯ ಆಸೆಯೇ ಇಲ್ಲದಿದ್ದ ಮನು ವಾರಗಟ್ಟಲೆ ಹಲ್ಲು ಕಚ್ಚಿ ಮಲಗಿದ್ದ.

ಹಣಿಗೆಯ ಮೇಲೆ ಸುತ್ತಿಗೆ ಬಿತ್ತು. ಮನು ಚೀರಿದ. ಸುತ್ತ ಕೂತ ಹೆಂಗಸರು ನೋವು ಮರೆಸುವ ಹಾಡಿನ ದನಿ ಏರಿಸಿದರು.

"ಯಾರಾದ್ರೂ ಇವನ ಕೈ ಹಿಡ್ಕೊಳ್ರೋ," ಎಂದ ಗುರು.

"ಪೆಸೆಟಾ ಎಲ್ಲಿ?" ಎಂದು ಮನು ಕೇಳಿದ.

"ಅವನಾ? ಹಣಿಗೆ ಕಂಡ್ರೆ ಮತ್ತೆ ಓಟ ಕಿತ್ತಾನು!" ಎಂದಳು ಆ ಹೆಂಗಸರ ನಡುವೆ ಕೂತಿದ್ದ ಲಗಿ ಅತ್ತೆ. ಎಲ್ಲರೂ ನಕ್ಕರು.

ಮನು ನಗಲಿಲ್ಲ. "ಬಾರಣ್ಣ. ನಾನೂ ಓಡ್ಹೋಗ್ತಿದ್ದೆ. ಇಬ್ರೂ ಓಡಿದ್ರೆ, ನನ್ನನ್ನ ಕರ್ಕೊಂಡ್ ಬಂದಿದ್ದಕ್ಕೂ ಎಲ್ರೂ ನಿನ್ನನ್ನೇ ಬೈತಾರಲ್ಲ ಅಂತ ಉಳ್ಕೊಂಡೆ."

ಇಷ್ಟು ದಿನ ಪೆಸೆಟಾ ಕೇಳಿದ ಯಾವ ಬೈಗುಳವೂ ಹೀಗೆ ನಾಟಿರಲಿಲ್ಲ. ಗುರುವಿನ ಚಾಪೆಯ ಬಳಿ ಅಂಗಿ ತೊಟ್ಟು ಕೂರುವಂತಿಲ್ಲ. ಅವನು ಒಂದೊಂದೇ ಗುಂಡಿ ಬಿಚ್ಚಿದ. ಬೆನ್ನ ಮೇಲಿನ ಅರೆಬರೆ ಹಚ್ಚೆ ಇಡೀ ಮನೆಗೆ ಕಾಣುವಂತೆ ಮಂಡಿಯೂರಿ, ಮನುವಿನ ಕೈ ಹಿಡಿದ. ಹಾಡು ತಟ್ಟನೆ ನಿಂತಿತು.

"ನಡುಗ್ಬೇಡ ಕಣಣ್ಣ," ಎಂದ ಮನು ಮೆಲ್ಲಗೆ, "ಕುಟ್ತಿರೋದು ನನಗೆ."