ಗೈರುಹಾಜರಿಯ ಗೆರೆ

“ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ, ತಪ್ಪೋರು ನಾವು. ನಾ ತಪ್ಪಿದ್ರ ನಿಮ್ಮೆದುರೇ ಒಪ್ಕೊಂತೇನಿ” ಎಂದು ಉಪನ್ಯಾಸಕ ಗುರಲಿಂಗಪ್ಪ ಎರಡು ವರ್ಷದ ಹಿಂದೆ ಬಿ.ಎಸ್ಸಿ. ತರಗತಿಗೆ ಮಾತು ಕೊಟ್ಟಿದ್ದರು.

ಈಗ ನಾಲತವಾಡದ ಶೇವಂತೆವ್ವ ಫಲಿತಾಂಶದ ಹಾಳೆ ಹಿಡಿದು ಎದ್ದು ನಿಂತಿದ್ದಳು. “ಪ್ರಾಕ್ಟಿಕಲ್‌ಗೆ ಬಂದಿದ್ದೆನಲ್ರಿ ಸರ. ಗೈರು ಅಂತ ಕಂಪ್ಯೂಟರ್ ಫೇಲ್ ಮಾಡೈತ್ರಿ.”

“ಅದಕ್ಕ ನಿನ್ನ ಮಾರಿ ಕಂಡಿಲ್ಲ ಬಿಡವಾ!” ಹಿಂದಿನ ಬೆಂಚಿನ ನಬಿಲಾಲ ಎಲ್ಲರನ್ನೂ ನಗಿಸಿದ.

ಗುರಲಿಂಗಪ್ಪ ತಾವು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದ ಪ್ರಾಕ್ಟಿಕಲ್ ಅಂಕಪಟ್ಟಿಯ ಕಾರ್ಬನ್ ಪ್ರತಿ ತೆರೆದರು. ಅವಳ ಹೆಸರಿನ ಮುಂದೆ ಅವರೇ ಎಳೆದ ಸಣ್ಣ ಗೆರೆಯಿತ್ತು. ಅಂಕ ಆಮೇಲೆ ತುಂಬಿದರಾಯಿತೆಂದು ಎಳೆದು ಮರೆತಿದ್ದರು. ಯಂತ್ರ ಅದನ್ನು ಗೈರುಹಾಜರಿ ಎಂದು ಓದಿತ್ತು. ಒಪ್ಪಿದರೆ ಪರೀಕ್ಷಕರ ಪಟ್ಟಿಯಿಂದ ಅವರ ಹೆಸರು ಹೋಗುತ್ತಿತ್ತು.

“ನಂದೊಂದ್ ವರ್ಷ ಹಾಳಾಕ್ಕೈತ್ರಿ ಸರ. ಏನೈತ್ರಿ ಅದರಾಗ?”

ಅವರು ಪ್ರತಿಯನ್ನು ಮಡಚಿದರು. “ಕಂಪ್ಯೂಟರ್ ಹೇಳಿದ ಮ್ಯಾಲ ಮುಗೀತವಾ. ಮುಂದಿನ ವರ್ಷ ಮತ್ತ ಕುಂದ್ರು.”

ಕೊಟ್ಟ ಮಾತು ಮುರಿಯಿತು.